ಟೇಕ್ ಇನ್ ಅಂದರೆ ಮೋಸ ಮಾಡು ಅಂತ ನಾನೇ ಬರೆಸಿದ್ದೆ

ಯೂನಿಟ್ ಟೆಸ್ಟಿನ ಪೇಪರ್ ಕಟ್ಟು ಹಿಡಿದು 10 ಬಿಗೆ ಹೋಗುವಾಗಲೇ ನನಗೆ ಸಿಟ್ಟು ಬಂದಿತ್ತು. ಇಂಗ್ಲಿಷಿನ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ 'ಇನ್', 'ಫಾರ್' ಥರದ ಸಣ್ಣ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ) ಪ್ರಶ್ನೆಯಲ್ಲಿ 28 ಮಕ್ಕಳ ಪೈಕಿ 23 ಮಂದಿಯದ್ದು ಒಂದೇ ತಪ್ಪು. ಮಳೆಯಲ್ಲಿ ನೆನೆದು ಬಂದ ಹುಡುಗನನ್ನು ಒಬ್ಬ ಅಜ್ಜಿ 'ಟುಕ್ ಇನ್', ಅಂದರೆ ಆಸರೆ ಕೊಟ್ಟಳು, ಅಂತ ವಾಕ್ಯ ಇತ್ತು. ಇವರು ಅದಕ್ಕೆ 'ಚೀಟೆಡ್' ಅಂತ ಅರ್ಥ ಬರೆದಿದ್ದರು.

"ಒದ್ದೆಯಾಗಿ ಬಂದ ಹುಡುಗನಿಗೆ ಅಜ್ಜಿ ಯಾಕೆ ಮೋಸ ಮಾಡ್ತಾಳೆ? ಪ್ರಶ್ನೆ ಓದಿದ್ದೀರಾ?" ಅಂತ ಬೈದು ಅಷ್ಟೂ ಜನರನ್ನು ನಿಲ್ಲಿಸಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಒಬ್ಬಳು ನೋಟ್ಸ್ ತೆರೆದು ತಂದಳು.

"ಟೀಚರ್, ಇದು ನೀವೇ ಬರೆಸಿದ್ದಲ್ವಾ?"

ಎದುರು ಮಾತಿನ ದನಿಯಲ್ಲ ಅದು, ಹೆದರಿದ ದನಿ. 'ಟೇಕ್ ಇನ್: ಮೋಸ ಮಾಡು.' ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ಸಹಿ. ಕೂತುಕೊಳ್ಳಿ ಅನ್ನಲು ನನಗೆ ಒಂದು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಮಕ್ಕಳು ನಿಂತೇ ಇದ್ದರು. ಅದು ಈಗಲೂ ಚುಚ್ಚುತ್ತದೆ.

ಈವನಿಂಗ್ ಕ್ಲಾಸಿನಲ್ಲಿ ಒಂದೇ ಗಂಟೆಗೆ 40 ಫ್ರೇಸಲ್ ವರ್ಬ್ ಮುಗಿಸಿದ್ದೆ. ಎಸ್‌ಆರ್‌ಜಿಯಲ್ಲಿ, ಅಂದರೆ ಶಾಲೆಯ ಶಿಕ್ಷಕರ ಸಭೆಯಲ್ಲಿ, ಎ ಪ್ಲಸ್ (ಎಲ್ಲಕ್ಕಿಂತ ಮೇಲಿನ ಗ್ರೇಡ್) ಎಷ್ಟು ಅನ್ನುವುದೇ ಮಾತು. ನಮಗೆ ಸಿಗುವ ಹ್ಯಾಂಡ್‌ಔಟಿನಲ್ಲಿ ಅರ್ಥ ಮಲಯಾಳದಲ್ಲಿರುತ್ತದೆ, ಅದೂ ಒಂದಕ್ಕೆ ಒಂದೇ ಪದ. ರಾತ್ರಿ ಕೂತು ಕನ್ನಡಕ್ಕೆ ಇಳಿಸಬೇಕು. ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಅಂತ ಒಂದು ಹಾಳೆ ಮಾಡಿಕೊಡುವವರಿಲ್ಲ. ಆ ಬೇಸರ ನನಗೆ ಜಾಸ್ತಿಯೇ ಇದೆ. ಆದರೆ ವಾಕ್ಯ ಕೊಡದೆ ಬರೀ ಅರ್ಥ ಬರೆಸಿದವಳು ನಾನು.

ಮರುದಿನ ಬೋರ್ಡಿನಲ್ಲಿ 'ಕೈ ಕೊಡು' ಅಂತ ಬರೆದೆ. ತೋಡು ದಾಟುವಾಗ ಅಣ್ಣ ಕೈ ಕೊಟ್ಟ. ಅಡಿಕೆ ಕೊಯ್ಯುವ ದಿನ ಕೆಲಸದವರು ಕೈ ಕೊಟ್ಟರು. ಎರಡೂ ಒಂದೇನಾ? ಮಕ್ಕಳು ನಕ್ಕರು. ಮನೆಯಲ್ಲಿ ತುಳು, ಮಲಯಾಳ, ಮರಾಟಿ ಮಾತಾಡುವವರಿಗೂ ತಕ್ಷಣ ಗೊತ್ತಾಯಿತು. 'ಕೈ'ಯಲ್ಲಿ ಮೋಸ ಇಲ್ಲ, 'ಕೊಡು'ವಿನಲ್ಲೂ ಇಲ್ಲ. 'ಟೇಕ್', 'ಇನ್' ಕೂಡ ಹಾಗೇ. ಅನಾಥ ಮಗುವನ್ನು ಚಿಕ್ಕಮ್ಮ ಟೇಕ್ ಇನ್ ಮಾಡಿದರೆ ಆಸರೆ. ನಯವಾದ ಮಾತಿನವನು ಮಾಡಿದರೆ ಮೋಸ. ದೊಗಳೆ ಅಂಗಿಯನ್ನು ಟೈಲರ್ ಮಾಡಿದರೆ ಹೊಲಿಗೆ ಬಿಗಿ ಮಾಡಿದ ಅಂತ. ಪಾಠವನ್ನು ಟೇಕ್ ಇನ್ ಮಾಡಿದರೆ ಅರ್ಥ ಮಾಡಿಕೊಂಡ ಅಂತ.

'ಫಾಲ್ ಫಾರ್' ಹೇಳುವಾಗ ಇನ್ನೊಂದು ಗಂಟು ಬಿಚ್ಚಿತು. ಮೋಸಗಾರ 'ಟುಕ್ ಹಿಮ್ ಇನ್', ಅವನು 'ಫೆಲ್ ಫಾರ್ ಇಟ್'. ಮೊದಲಿನದು ಮೋಸ ಮಾಡಿದ, ಎರಡನೆಯದು ಮೋಸ ಹೋದ. ಮಾಡಿದವನು ಯಾರು, ಹೋದವನು ಯಾರು ಅಂತ ಕೇಳಿದರೆ ಮಕ್ಕಳು ತಪ್ಪುವುದಿಲ್ಲ. 'ಸೀ ಥ್ರೂ' ಅಂದರೆ ಆ ಮೋಸ ಗೊತ್ತಾಗಿಬಿಡುವುದು.

ಮಾರ್ಕು ಬದಲಿಸಲಿಲ್ಲ, ಉತ್ತರ ತಪ್ಪೇ ಇತ್ತು. ಆದರೆ ಅಷ್ಟೂ ಮಕ್ಕಳ ಎದುರು ತಪ್ಪು ನನ್ನದು ಅಂದೆ. ಆ ಹುಡುಗಿಯ ನೋಟ್ಸ್ ತೆಗೆದುಕೊಂಡು ನನ್ನ ಸಹಿಯ ಕೆಳಗೆ ನಾಲ್ಕು ವಾಕ್ಯ ಬರೆದುಕೊಟ್ಟೆ. ಉಳಿದ 39 ಇನ್ನೂ ಹಾಗೇ ಇವೆ. ದಿನಕ್ಕೆ ಮೂರರಂತೆ, ವಾಕ್ಯದ ಜೊತೆ, ಮತ್ತೆ ಶುರು ಮಾಡಿದ್ದೇನೆ.