ಹುಣ್ಣಿನ ಅಂಚು ಯಾಮಾರಿಸುತ್ತದೆ

ಮೈಕ್ರೋಸ್ಕೋಪಿನಲ್ಲಿ ನೋಡಲು ನಮ್ಮ ಪೆಥಾಲಜಿ ಲ್ಯಾಬಿಗೆ ಜಠರದ ಹುಣ್ಣಿನ ಬಯಾಪ್ಸಿ ಬಂದಿತ್ತು. ನಾಲ್ಕು ಪುಟಾಣಿ ತುಣುಕು. ಫಾರ್ಮ್‌ನಲ್ಲಿ ‘ಆಂಟ್ರಮ್, ಕ್ಯಾನ್ಸರ್ ಇದೆಯಾ ನೋಡಿ’ ಅಂತ ಬಿಟ್ಟರೆ ಬೇರೇನೂ ಇಲ್ಲ. ಆಂಟ್ರಮ್ ಅಂದರೆ ಜಠರದ ಕೆಳಭಾಗ.

ಮೂರರಲ್ಲಿ ಬರೀ ಹುಣ್ಣಿನ ತಳ. ಮೇಲೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ನಾರು) ಮತ್ತು ಕೀವು, ಕೆಳಗೆ ಸತ್ತ ಅಂಗಾಂಶ, ಅದರಡಿ ಗ್ರ್ಯಾನ್ಯುಲೇಷನ್ ಟಿಶ್ಯೂ, ಅಂದರೆ ಗಾಯ ಮಾಯಿಸಲು ಬೆಳೆಯುವ ಹೊಸ ಅಂಗಾಂಶ. ನಾಲ್ಕನೆಯದರಲ್ಲಿ ಅಂಚು ಸಿಕ್ಕಿತ್ತು. ನಾನು ಸಿಕ್ಕಿಬಿದ್ದದ್ದೂ ಅಲ್ಲೇ. ಗ್ರಂಥಿಗಳ ನ್ಯೂಕ್ಲಿಯಸ್‌ಗಳು ದಪ್ಪಗೆ, ಕಪ್ಪಗೆ ಇದ್ದವು. ಅವುಗಳೊಳಗಿನ ಚುಕ್ಕೆ, ನ್ಯೂಕ್ಲಿಯೋಲಸ್, ಎದ್ದು ಕಾಣುತ್ತಿತ್ತು. ಮೈಟೋಸಿಸ್ (ಕೋಶ ವಿಭಜನೆ) ಬೇರೆ. ಕ್ಯಾನ್ಸರಿನಲ್ಲೂ ಹೀಗೇ ಕಾಣುತ್ತದೆ. ಅಷ್ಟರಲ್ಲಿ ವಾರ್ಡಿನಿಂದ ಫೋನ್. ‘ಮೇಡಂ, ಕ್ಯಾನ್ಸರ್ ಹೌದೋ ಅಲ್ವೋ, ಅಷ್ಟು ಹೇಳಿಬಿಡಿ.’ ‘ಅನುಮಾನ ಇದೆ’ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಡೀಪರ್ ಹಾಕಿಸ್ತೀನಿ, ಅದೇ ತುಣುಕನ್ನ ಇನ್ನೂ ಒಳಗಡೆ ಕೊಯ್ಸಿ ನೋಡ್ತೀನಿ. ಅದಿರಲಿ, ಪೇಷಂಟ್ ಏನೇನು ಮಾತ್ರೆ ತಗೊಳ್ತಿದ್ದಾರೆ?’

ಮಂಡಿನೋವಿಗೆ ತಿಂಗಳುಗಟ್ಟಲೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ. ಜೊತೆಗೆ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್. ಇದನ್ನು ಫಾರ್ಮ್‌ನಲ್ಲಿ ಬರೆಯೋಕೆ ಏನು ಕಷ್ಟ? ಔಷಧದ ಕಾಲಂ ಕಡ್ಡಾಯ ಮಾಡಿ ಅಂತ ಮೀಟಿಂಗಿನಲ್ಲಿ ಕೇಳಿ ಮಾಡಿಸಿದ್ದೂ ಆಯ್ತು. ಈಗ ಅಲ್ಲಿ ಒಂದು ಚುಕ್ಕೆ ಇಟ್ಟು ಕಳಿಸುತ್ತಾರೆ.

ಜಠರದೊಳಗೆ ಊಟವಿಲ್ಲದಾಗ ಪಿಎಚ್ 1–2. ಲೋಳೆ ಮತ್ತು ಬೈಕಾರ್ಬನೇಟ್ ಪದರದ ಕೆಳಗೆ, ಕೋಶಗಳ ಮೈ ಮೇಲೆ, ಅದು 7ರ ಹತ್ತಿರ. ಆ ಪದರ ಗಟ್ಟಿಯಾಗಿರಲು ದೇಹವೇ ತಯಾರಿಸುವ ಪ್ರೊಸ್ಟಾಗ್ಲ್ಯಾಂಡಿನ್ ಅನ್ನುವ ರಾಸಾಯನಿಕ ಬೇಕು. ನೋವಿನ ಮಾತ್ರೆ ಅದಕ್ಕೇ ಕತ್ತರಿ ಹಾಕುತ್ತದೆ. ಗಾಯ ಮಸ್ಕ್ಯುಲಾರಿಸ್ ಮ್ಯೂಕೋಸ (ಜಠರದ ಒಳಪೊರೆಯ ತಳದ ತೆಳು ಸ್ನಾಯು ಪದರ) ದಾಟಿದರೆ ಅಲ್ಸರ್, ದಾಟದಿದ್ದರೆ ಎರೋಷನ್. ಗಾಯ ಮುಚ್ಚುವ ಅವಸರದಲ್ಲಿ ಅಂಚಿನ ಕೋಶಗಳು ಜಾಸ್ತಿಯಾಗುತ್ತವೆ. ಆಗ ಅವು ಥೇಟ್ ಕ್ಯಾನ್ಸರಿನ ಹಾಗೇ ಕಾಣುತ್ತವೆ. ಡೀಪರ್‌ನಲ್ಲಿ ನೋಡಿದರೆ ಅವೇ ಗ್ರಂಥಿಗಳು ಮೇಲ್ಮೈ ಕಡೆ ಹೋದಂತೆ ನಿಧಾನಕ್ಕೆ ಮಾಮೂಲಿ ಆಗುತ್ತಿದ್ದವು. ಕ್ಯಾನ್ಸರಾಗಿದ್ದರೆ ಸಾಮಾನ್ಯವಾಗಿ ಒಳ್ಳೇ ಗ್ರಂಥಿಗೂ ಕೆಟ್ಟದ್ದಕ್ಕೂ ನಡುವೆ ಗೆರೆ ಎಳೆದಂತಿರುತ್ತದೆ. ಉಸಿರು ಬಿಟ್ಟೆ.

ಇನ್ನು ಹೆಲಿಕೋಬ್ಯಾಕ್ಟರ್, ಜಠರದಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ. ಅದನ್ನು ಹುಡುಕಲು ಹಾಕುವ ಜೀಮ್ಸಾ ಬಣ್ಣದಲ್ಲಿ ಒಂದೂ ಕಾಣಲಿಲ್ಲ. ಆದರೆ ಪ್ಯಾಂಟೊಪ್ರಜೋಲ್ ತಿನ್ನುವವರಲ್ಲಿ ಅದರ ಸಂಖ್ಯೆ ಇಳಿಯುತ್ತದೆ, ಆಂಟ್ರಮ್ ಬಿಟ್ಟು ಮೇಲಕ್ಕೆ ಕಾರ್ಪಸ್ (ಜಠರದ ನಡುಭಾಗ) ಕಡೆ ಸರಿಯುವುದೂ ಉಂಟು. ಕಾರ್ಪಸ್‌ನಿಂದ ಒಂದು ತುಣುಕೂ ಕಳಿಸಿಲ್ಲ. ಸುಮ್ನೆ ‘ನೆಗೆಟಿವ್’ ಅಂತ ಹೇಗೆ ಸಹಿ ಹಾಕಲಿ? ‘ಈ ತುಣುಕುಗಳಲ್ಲಿ ಕಂಡಿಲ್ಲ. ಸಾಧ್ಯವಾದರೆ ಆಸಿಡ್ ಮಾತ್ರೆ 2 ವಾರ ನಿಲ್ಲಿಸಿ ಮತ್ತೆ ಪರೀಕ್ಷಿಸಿ. ಹುಣ್ಣು ಮಾಯದಿದ್ದರೆ ಅಂಚಿನಿಂದ ಇನ್ನಷ್ಟು ತುಣುಕು ಕಳಿಸಿ’ ಅಂತ ಬರೆದೆ.

ಮರುದಿನ ವಾರ್ಡಿನಿಂದ ಮತ್ತೆ ಫೋನ್. ರಿಪೋರ್ಟ್ ತುಂಬಾ ಉದ್ದ ಆಯ್ತಂತೆ.