ಮೂರು ಬಣ್ಣ ಕೊನೆಗೂ ಉಳಿದವು!

ಕಲ್ಲು-ಕಾಗದ-ಕತ್ತರಿಯಂತೆ ಮೂರು ಜೀವಿಗಳು ಒಂದನ್ನೊಂದು ಸೋಲಿಸುವ ಆಟವನ್ನು ಕಂಪ್ಯೂಟರಿನಲ್ಲಿ ಮೂರು ಬಣ್ಣವಾಗಿ ಆಡಿಸುತ್ತಿದ್ದೇನೆ. ರಾತ್ರಿಯಿಡೀ ಓಡಿದ ಸಿಮ್ಯುಲೇಶನ್‌ನಲ್ಲಿ ಬೆಳಿಗ್ಗೆ ಮೂರೂ ಬಣ್ಣ ಜೀವಂತ! ಶಿರಸಿಯ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟ್ ಇದ್ದದ್ದೇ ಪುಣ್ಯ. ಯುಪಿಎಸ್‌ಗೆ ಬ್ಯಾಟರಿ ತರಿಸಿದರೆ ಕುಮಟಾದ ಅಂಗಡಿಯವರು ಬೇರೆ ಅಳತೆಯದು ಕಳಿಸಿದ್ದಾರೆ. ಬದಲಿಸಿ ಕೊಡಿ ಅಂದರೆ, ‘ಘಟ್ಟ ಹತ್ತೋ ಗಾಡಿ ಸಿಕ್ಕಾಗ ನೋಡೋಣ’ ಅಂತಾರೆ.

ಕಲ್ಲು-ಕಾಗದ-ಕತ್ತರಿ ಆಟದ ಕೋಡ್ ನಿಮ್ಮೆಲ್ಲರ ಹತ್ತಿರ ಇರುತ್ತದೆ, ಅಲ್ವಾ? ನನಗೆ ಇದರ ಹುಚ್ಚು ಹಿಡಿದದ್ದು 2002ರ ಇ. ಕೋಲಿ ಬ್ಯಾಕ್ಟೀರಿಯಾ ಪ್ರಯೋಗದಿಂದ. ಬೆಂಜಮಿನ್ ಕೆರ್ ಮತ್ತು ಜೊತೆಗಾರರು ಮೂರು ತಳಿ ತೆಗೆದುಕೊಂಡರು. ಒಂದು ಕೊಲಿಸಿನ್ ಎಂಬ ವಿಷ ತಯಾರಿಸುತ್ತದೆ. ಎರಡನೆಯದು ಆ ವಿಷಕ್ಕೆ ಸಾಯುತ್ತದೆ. ಮೂರನೆಯದು ವಿಷ ತಡೆಯುತ್ತದೆ, ತಯಾರಿಸುವ ಖರ್ಚಿಲ್ಲ, ಹಾಗಾಗಿ ಒಂದನೆಯದನ್ನು ಬೆಳವಣಿಗೆಯಲ್ಲಿ ಮೀರಿಸುತ್ತದೆ. ತಡೆಯುವುದಕ್ಕೂ ಖರ್ಚಿದೆ, ಅಲ್ಲಿ ಎರಡನೆಯದು ಮುಂದೆ ಹೋಗುತ್ತದೆ. ತಟ್ಟೆಯಲ್ಲಿ ಕದಲಿಸದೆ ಬೆಳೆಸಿದಾಗ ಮೂರೂ ಉಳಿದವು. ಫ್ಲಾಸ್ಕ್‌ನಲ್ಲಿ ಕಲಕಿದಾಗ ತಡೆಯುವ ತಳಿ ಮಾತ್ರ ಉಳಿಯಿತು.

ಮೊದಲು ನನ್ನದು 100×100 ಮನೆಗಳ ಹಾಸು, ಒಂದೊಂದು ತಳಿಗೆ ಒಂದೊಂದು ಬಣ್ಣ. ಆಟ ಅಕ್ಕಪಕ್ಕದವರ ಜೊತೆ ಮಾತ್ರ. ಆದರೂ ಸ್ವಲ್ಪ ಹೊತ್ತಿಗೆ ಒಂದೇ ಬಣ್ಣ! ರ‍್ಯಾಂಡಮ್ ಸೀಡ್ (ಕಂಪ್ಯೂಟರಿನ ಅಡ್ಡಾದಿಡ್ಡಿ ಆಯ್ಕೆಗಳು ಶುರುವಾಗುವ ಸಂಖ್ಯೆ) ಬದಲಿಸಿದರೆ ಗೆಲ್ಲುವ ಬಣ್ಣ ಬದಲಾಗುತ್ತಿತ್ತು, ಅಷ್ಟೇ.

ದಾರಿ ಸಿಕ್ಕಿದ್ದು ರೈಶೆನ್‌ಬಾಖ್, ಮೊಬಿಲಿಯಾ, ಫ್ರೈ ಎಂಬ ಸಂಶೋಧಕರ 2007ರ ಲೆಕ್ಕದಲ್ಲಿ. ಅಕ್ಕಪಕ್ಕದವರು ಜಾಗ ಅದಲುಬದಲು ಮಾಡುವ ದರವನ್ನು ಎರಡರಿಂದ ಗುಣಿಸಿ, ಒಟ್ಟು ಮನೆಗಳಿಂದ ಭಾಗಿಸಿ. ಸಿಗುವುದೇ ಓಡಾಟದ ಅಳತೆ. ಕೊಲ್ಲುವ, ಹುಟ್ಟುವ ದರ ಎರಡೂ 1 ಇದ್ದಾಗ ಇದು ಸುಮಾರು 0.00045 ದಾಟಿದರೆ ವೈವಿಧ್ಯ ಉಳಿಯುವುದಿಲ್ಲ. ನನ್ನ ಅದಲುಬದಲಿನ ದರ 5. ಅಂದರೆ 10,000 ಮನೆಗೆ 0.001, ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ! ದರ ಮುಟ್ಟದೆ ಹಾಸನ್ನು 300×300 ಮಾಡಿದೆ. ಓಡಾಟದ ಅಳತೆ 0.00011ಕ್ಕೆ ಇಳಿಯಿತು. ಈಗ ಬಣ್ಣಗಳು ಸುರುಳಿ ಸುತ್ತುತ್ತಾ ಒಂದನ್ನೊಂದು ಅಟ್ಟುತ್ತಿವೆ. ಓಡಾಟ ಹೆಚ್ಚಿದಷ್ಟೂ ಸುರುಳಿ ದೊಡ್ಡದಾಗುತ್ತದೆ. ಹಾಸಿನಲ್ಲಿ ಹಿಡಿಸದಷ್ಟು ದೊಡ್ಡದಾದರೆ ಮುಗಿಯಿತು. ಅದೇ ಓಡಾಟ, ಜಾಗ ಮಾತ್ರ ದೊಡ್ಡದು, ಅಷ್ಟಕ್ಕೇ ಮೂರೂ ಬದುಕುತ್ತವೆ! ನನಗೆ ಇದಕ್ಕಿಂತ ಚೆಂದದ ಫಲಿತಾಂಶ ಈ ಹವ್ಯಾಸದಲ್ಲಿ ಸಿಕ್ಕಿಲ್ಲ.

ಮುಂದಿನ ಸಿಮ್ಯುಲೇಶನ್ ನಮ್ಮ ತೋಟದ್ದು. ಮೇಲೆ ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಕೆಳಗೆ ನೆರಳಲ್ಲಿ ಏಲಕ್ಕಿ. ಇಲ್ಲಿ ಅಟ್ಟುವ ಆಟ ನಡೆಯುವುದಿಲ್ಲ. ಕಾಂಡಕ್ಕೆ ಎಷ್ಟು ಖರ್ಚು, ಎಲೆಗೆ ಎಷ್ಟು ಎಂಬುದೇ ಪ್ರತಿ ಗಿಡದ ತಂತ್ರ. ಒಂದೇ ಎತ್ತರದಲ್ಲಿ ಗುಂಪು ಜಾಸ್ತಿಯಾದಷ್ಟೂ ಎಲ್ಲರ ಲಾಭ ಕಮ್ಮಿ. ಒಂದೇ ತಂತ್ರದಿಂದ ಶುರು ಮಾಡಿದರೆ ಅದು ತಾನಾಗಿ ನಾಲ್ಕಾಗಿ ಒಡೆಯುತ್ತದೆಯೇ? ಮೊದಲು ಬೆಳಕು ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ನೀರು, ಗೊಬ್ಬರ ಆಮೇಲೆ.