ಕಾಲಿಂಗ್ ಬೆಲ್ಲೂ 30 ಗ್ರಾಂ ಸುಗಂಧವೂ

ಒಂದು ಆರ್ಡರಿಗೆಂದು ಸೋಪು ಮಾಡುತ್ತಿದ್ದೆ. ಬೆಲ್ ಹೊಡೆದಾಗ ಬಕೆಟ್ಟಿನಲ್ಲಿ ಇದ್ದದ್ದು ಇಷ್ಟು: ಆಲಿವ್ ಎಣ್ಣೆ 450 ಗ್ರಾಂ, ತೆಂಗಿನೆಣ್ಣೆ 300, ತಾಳೆ ಎಣ್ಣೆ 200, ಹರಳೆಣ್ಣೆ 50. ಅದಕ್ಕೆ 143 ಗ್ರಾಂ ಕಾಸ್ಟಿಕ್ ಸೋಡಾ, 286 ಗ್ರಾಂ ನೀರು, ಸೂಪರ್‌ಫ್ಯಾಟ್ (ಸೋಡಾಕ್ಕೆ ಸಿಗದೆ ಸೋಪಿನಲ್ಲೇ ಉಳಿಯುವ ಎಣ್ಣೆ) 5%. ಎಣ್ಣೆ, ಲೈ (ನೀರಿನಲ್ಲಿ ಕರಗಿದ ಸೋಡಾ) ಎರಡೂ 40 ಡಿಗ್ರಿಯ ಆಸುಪಾಸು. ಬ್ಲೆಂಡರ್ ನಾಲ್ಕು ಸಲ ಗುರ್ ಎಂದಿತ್ತು. ಎಮಲ್ಷನ್ ಕೂಡಿತ್ತು, ಅಂದರೆ ಎಣ್ಣೆ, ಲೈ ಒಂದರೊಳಗೊಂದು ಬೆರೆತಿದ್ದವು; ಟ್ರೇಸ್ (ಮೇಲೆ ಸುರಿದ ಗೆರೆ ನಿಲ್ಲುವಷ್ಟು ಮಂದವಾಗುವ ಹಂತ) ಬಂದಿರಲಿಲ್ಲ. ಲವಂಗದ ಪಾಲು ಜಾಸ್ತಿಯಿದ್ದ 30 ಗ್ರಾಂ ಸುಗಂಧ ಆಗಷ್ಟೇ ಒಳಗೆ ಹೋಗಿತ್ತು.

ಈ ಮಿಶ್ರಣ ಟ್ರೇಸ್‌ಗೆ ಬರಲು ಮೂರ್ನಾಲ್ಕು ನಿಮಿಷ ಬೇಕು, ಪಾರ್ಸೆಲ್‌ಗೆ ಸಹಿ ಹಾಕಿ ಬರಲು ಒಂದೂವರೆ ನಿಮಿಷ ಸಾಕು ಎಂಬುದು ನನ್ನ ಲೆಕ್ಕ. ಸುಗಂಧ ಹಾಕದ ಬ್ಯಾಚಿಗೆ ಆ ಲೆಕ್ಕ ಸರಿಯೇ. ಆದರೆ ಲವಂಗದಲ್ಲಿರುವ ಯೂಜಿನಾಲ್ ಲೈ ಜೊತೆ ಸೇರಿದರೆ ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯುತ್ತದೆ. ಗ್ಲೌಸ್ ಕಳಚಿ, ಕೈ ತೊಳೆದು, ಸಹಿ ಹಾಕಿ ಬರುವಷ್ಟರಲ್ಲಿ ಬ್ಲೆಂಡರ್ ಬಕೆಟ್ಟಿನ ನಡುವೆ ತಾನಾಗಿಯೇ ನೆಟ್ಟಗೆ ನಿಂತಿತ್ತು. ಎತ್ತಿದರೆ ಬಕೆಟ್ಟೂ ಜೊತೆಗೇ ಮೇಲೆ ಬಂತು.

ಎರಡನೇ ತಪ್ಪು ಅದರ ಬೆನ್ನಿಗೇ ಆಯಿತು: ಸಡಿಲವಾಗಲಿ ಎಂದು ನೀರು ಹುಯ್ದದ್ದು. ಹೀಗೆ ಒಮ್ಮೆಲೇ ಗಟ್ಟಿಯಾದ, ಅಂದರೆ ಸೀಝ್ ಆದ, ಸೋಪು ನೀರಿಗೆ ಸಡಿಲವಾಗುವುದಿಲ್ಲ. ಮೇಲ್ಮೈ ಮಾತ್ರ ಜಾರುತ್ತದೆ, ಒಳಗೆ ಬೆರೆಯದ ಲೈ ಗುಳ್ಳೆಗಳಾಗಿ ಉಳಿಯುತ್ತದೆ. ಆ ಹೊತ್ತಿಗೆ ಮಾಡಬೇಕಿದ್ದದ್ದು ಬೇರೆ: ಇಡೀ ಮುದ್ದೆಯನ್ನು ಸ್ಟೀಲ್ ಪಾತ್ರೆಗೆ ಹಾಕಿ (ಅಲ್ಯೂಮಿನಿಯಂ ಬೇಡವೇ ಬೇಡ, ಲೈ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ) ಮುಚ್ಚಿ, ಸಣ್ಣ ಉರಿಯಲ್ಲಿ ಪೂರ್ತಿ ಅರೆಪಾರದರ್ಶಕ ಜೆಲ್ ಆಗುವವರೆಗೆ ಬೇಯಿಸಿ, ಚಮಚದಲ್ಲಿ ಒತ್ತೊತ್ತಿ ಅಚ್ಚಿಗೆ ತುಂಬುವುದು. ನಯವಾದ ಸೋಪು ಆಗುತ್ತಿರಲಿಲ್ಲ, ಆದರೆ ಸೋಪು ಆಗುತ್ತಿತ್ತು. ಆರ್ಡರ್ ಕೇಳಿದ್ದು ನಯವಾದದ್ದನ್ನೇ. ಕ್ಯೂರಿಂಗ್‌ಗೆ, ಅಂದರೆ ತುಂಡುಗಳು ಗಾಳಿಗೆ ಒಣಗಿ ಹದವಾಗಲು, ನಾಲ್ಕರಿಂದ ಆರು ವಾರ ಬೇಕು, ಹೊಸ ಬ್ಯಾಚ್ ಹಾಕಲು ದಿನ ಉಳಿದಿರಲಿಲ್ಲ. ಆರ್ಡರ್ ಹೋಯಿತು.

ಮನೆಯಿಂದ ಏನು ಉದ್ಯಮ ಶುರು ಮಾಡಲಿ ಎಂದು ಕೇಳುವವರು ಸಾಮಾನ್ಯವಾಗಿ ತಮ್ಮ ಆಸಕ್ತಿಯಿಂದ ಮಾತು ತೆಗೆಯುತ್ತಾರೆ, ಆಮೇಲೆ ಬಂಡವಾಳಕ್ಕೆ ಬರುತ್ತಾರೆ. ಈ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳಬಹುದೇ ಎಂದು ಯಾರೂ ಕೇಳುವುದಿಲ್ಲ. ಮನೆ ಎಂದಮೇಲೆ ಏಳಲೇಬೇಕು. ಮನೆಯ ಆಡಳಿತ ಮಂಡಳಿಗೆ ನೀವು ಯಾವಾಗಲೂ ರಜೆಯಲ್ಲಿರುವ ನೌಕರ.

ಹೊಲಿಗೆ ಏಳಲು ಬಿಡುವ ಕೆಲಸ. ಸೂಜಿ ಬಟ್ಟೆಯೊಳಗೆ ಇಳಿದಲ್ಲೇ ನಿಲ್ಲುತ್ತದೆ, ಮರುದಿನ ಅಲ್ಲಿಂದಲೇ ಹೊರಡುತ್ತದೆ. ಜಿಪ್ ಬದಲಿಸುವುದು, ಅಂಚು ಮಡಿಸುವುದು ಇವೆಲ್ಲ ತುಂಡು ತುಂಡು ಸಮಯಕ್ಕೆ ಹೇಳಿ ಮಾಡಿಸಿದ್ದು, ದುಡ್ಡೂ ಬಟ್ಟೆ ಒಯ್ಯುವ ದಿನವೇ ಕೈಗೆ. ಆದರೆ ಅಳತೆಗೆ, ಟ್ರಯಲ್‌ಗೆ ಗಿರಾಕಿ ಮನೆಯೊಳಗೇ ಬರಬೇಕು. ಅಪರಿಚಿತರು ಒಳಬರುವುದು ಒಗ್ಗದ ಮನೆಗೆ ಇದು ಆಗಿಬರುವುದಿಲ್ಲ. ಆಡಿಯೋ ಕೇಳಿ ಬರೆಯುವ ಕೆಲಸದಲ್ಲಿ ಯಾರೂ ಬರುವುದಿಲ್ಲ, ಎಷ್ಟು ಸಲ ಬೇಕಾದರೂ ಎದ್ದು ಹೋಗಬಹುದು. ಹೊಸಬರು ಎಡವುವುದು ದರ ಹೇಳುವಲ್ಲಿ: ಒಂದು ಗಂಟೆಯ ಆಡಿಯೋಗೆ ನಾಲ್ಕು ಗಂಟೆ ಹಿಡಿಯುತ್ತದೆ, ನಾಲ್ಕು ಜನ ಒಟ್ಟಿಗೆ ಮಾತಾಡಿದ್ದರೆ ಇನ್ನೂ ಹೆಚ್ಚು.

ಮೇಣದಬತ್ತಿ ಸೋಪಿಗಿಂತ ಸುಲಭ ಎಂದು ಆ ಕಡೆ ಹೊರಳುವವರು ಬಹಳ. ಸುರಿಯುವುದೇನೋ ಸುಲಭ. ಕಷ್ಟ ಇರುವುದು ಬತ್ತಿಯಲ್ಲಿ. 7.5 ಸೆಂ.ಮೀ. ಅಗಲದ ಗಾಜಿನ ಲೋಟಕ್ಕೆ ಸರಿಹೋದ ಬತ್ತಿ 6.5 ಸೆಂ.ಮೀ. ಲೋಟದಲ್ಲಿ ಮಸಿ ಕಾರಬಹುದು, ಗಾಜನ್ನು ಅತಿಯಾಗಿ ಕಾಯಿಸಬಹುದು. ಲೋಟ, ಮೇಣ, ಸುಗಂಧ, ಬಣ್ಣ, ಯಾವುದು ಬದಲಾದರೂ ಉರಿಸಿ ನೋಡುವ ಪರೀಕ್ಷೆ ಮತ್ತೆ ಮೊದಲಿನಿಂದ. ಪ್ರತಿ ಸಲ ಮೂರ್ನಾಲ್ಕು ಗಂಟೆ ಉರಿಸಿ, ಆರಿಸಿ, ತಣಿಸಿ, ಲೋಟ ಬರಿದಾಗುವವರೆಗೂ ಹೀಗೇ. ಮೂರು ಅಳತೆಯ ಬತ್ತಿಗಳನ್ನು ಹೋಲಿಸಲು ವಾರಗಟ್ಟಲೆ ಬೇಕು, ಅಷ್ಟೂ ಹೊತ್ತು ಉರಿಯ ಮೇಲೆ ಕಣ್ಣಿರಬೇಕು. ಸುಗಂಧವನ್ನು ಮೇಣದ ತೂಕದ 10% ದಾಟಿಸಿದರೆ ಪರಿಮಳ ಹೆಚ್ಚುವುದಕ್ಕಿಂತ ಮೇಣ ಎಣ್ಣೆ ಬೆವರುವುದೇ ಹೆಚ್ಚು.

ಸೋಪೇ ಬೇಕು ಎನ್ನುವವರು ಜಾಗದ ಲೆಕ್ಕ ಮೊದಲು ಹಾಕಲಿ. ಮೇಲಿನ ಬ್ಯಾಚ್ 30 ಸೆಂ.ಮೀ. ಅಚ್ಚಿನಲ್ಲಿ ಎರಡೂವರೆ ಸೆಂ.ಮೀ. ದಪ್ಪದ 12 ತುಂಡು ಕೊಡುತ್ತದೆ. ವಾರಕ್ಕೆ ನಾಲ್ಕು ಬ್ಯಾಚ್, ಆರು ವಾರದ ಕ್ಯೂರಿಂಗ್ ಎಂದರೆ ಯಾವತ್ತೂ 288 ತುಂಡು ಶೆಲ್ಫಿನ ಮೇಲಿರುತ್ತವೆ. ಗಾಳಿಯಾಡಲು ನಡುವೆ ಒಂದೊಂದು ಸೆಂ.ಮೀ. ಬಿಟ್ಟರೆ ಹತ್ತಿರ ಹತ್ತಿರ ಒಂದು ಚದರ ಮೀಟರ್. ಅಷ್ಟು ಸೋಪಿಗೆ ಹಾಕಿದ ದುಡ್ಡೂ ಆರು ವಾರ ಅಲ್ಲೇ ಒಣಗುತ್ತಿರುತ್ತದೆ. ಮೊದಲ ಬಿಕರಿಗೆ ಮುಂಚೆ 24 ಬ್ಯಾಚಿನ ಎಣ್ಣೆ ಕೊಳ್ಳುವ ತಾಕತ್ತಿಲ್ಲದಿದ್ದರೆ ವಾರಕ್ಕೆ ಒಂದೇ ಬ್ಯಾಚಿನಿಂದ ಹೊರಡಿ.

ಇನ್ನು ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮಾಡಿದವರಿಗೆ ವಿದ್ಯುತ್ ಉಳಿಸುವ ಹಟ ಯಾಕೋ ತಿಳಿಯದು. ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ಆರಿ ಹೋಗಿ, ಟೇರ್ (ಪಾತ್ರೆಯ ತೂಕ ಕಳೆದು ಇಟ್ಟ ಸೊನ್ನೆ) ಮರೆತು, ಸೊನ್ನೆಯಿಂದ ಎದ್ದು ಕೂರುತ್ತದೆ. ಸೋಡಾ ಬರೀ 5 ಗ್ರಾಂ ಹೆಚ್ಚಾದರೆ ಸೂಪರ್‌ಫ್ಯಾಟ್ 5%ನಿಂದ 1.6%ಕ್ಕೆ ಇಳಿಯಿತು. ಗಡಿಬಿಡಿಯಲ್ಲಿ ತೆಂಗಿನೆಣ್ಣೆಯನ್ನೇ ಮರೆತರೆ 47 ಗ್ರಾಂ ಸೋಡಾ ತಿನ್ನಲು ಎಣ್ಣೆ ಸಿಗದೆ ಚರ್ಮಕ್ಕಾಗಿ ಕಾದಿರುತ್ತದೆ. ಆಟೋ ಆಫ್ ನಿಲ್ಲಿಸಲು ಬರುವ, 1 ಗ್ರಾಂ ನಿಖರತೆಯ ತಕ್ಕಡಿಯನ್ನೇ ಕೊಳ್ಳಿ. ಪ್ರತಿಯೊಂದನ್ನೂ ಬೇರೆ ಬೇರೆ ಪಾತ್ರೆಯಲ್ಲಿ ತೂಗಿ, ಚೀಟಿಯಲ್ಲಿ ಟಿಕ್ ಹಾಕಿ, ಆಮೇಲೆ ಸೇರಿಸಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕಲ್ಲ. ರಕ್ಷಣಾ ಕನ್ನಡಕ ಕಡ್ಡಾಯ. ಮೈಗೆ ಸಿಡಿದರೆ ವಿನೆಗರ್ ಹುಡುಕುತ್ತಾ ನಿಲ್ಲಬೇಡಿ, ಹರಿಯುವ ನೀರಿನಡಿ ಕನಿಷ್ಠ 15 ನಿಮಿಷ ಹಿಡಿಯಿರಿ.

ಯಾವ ಸಾಮಾನನ್ನೂ ಕೊಳ್ಳುವ ಮೊದಲು ಏಳು ದಿನ ಒಂದು ಹಾಳೆ ಇಟ್ಟುಕೊಳ್ಳಿ. ಕೆಲಸಕ್ಕೆಂದು ಗೊತ್ತುಮಾಡಿದ ಹೊತ್ತಿನಲ್ಲಿ ಎದ್ದು ಹೋಗಬೇಕಾದಾಗಲೆಲ್ಲ ಗಂಟೆ, ನಿಮಿಷ ಬರೆಯಿರಿ: ಫೋನು, ಬಾಗಿಲು, ಮಗು, ಗ್ಯಾಸು. ಎರಡು ಗುರುತುಗಳ ನಡುವಿನ ಅತಿ ದೊಡ್ಡ ಅಂತರ ನೋಡಿ. ಸೋಪಿಗೆ, ಪಾತ್ರೆ ತೊಳೆಯುವುದೂ ಸೇರಿ, ಒಂದು ಗಂಟೆ ಅಖಂಡವಾಗಿ ಸಿಗಬೇಕು. ಏಳರಲ್ಲಿ ಒಂದೇ ದಿನ ಸಿಕ್ಕಿದರೆ ವಾರಕ್ಕೆ ಒಂದೇ ಬ್ಯಾಚ್, ಅಲ್ಲಿಗೆ ವ್ಯವಹಾರದ ಗಾತ್ರ ನಿಗದಿಯಾಯಿತು. 20 ನಿಮಿಷ ದಾಟದಿದ್ದರೆ ಹೊಲಿಗೆ ಯಂತ್ರದ ಅಂಗಡಿಗೆ ಹೋಗಿ. ನಮ್ಮ ಬೆಂಚಿನಲ್ಲಿ ಈಗ ಸುಗಂಧದ ಬಾಟಲಿ ತೆರೆಯುವ ಮುಂಚೆ ಬೆಲ್ಲಿನ ಸ್ವಿಚ್ ಆಫ್ ಮಾಡುತ್ತೇವೆ. ಪಾರ್ಸೆಲ್ ಎರಡು ಸಲ ವಾಪಸ್ ಹೋಗಿದೆ.